ಹಳೆ ವಿಳಾಸ, ಹೊಸ ವಿಳಾಸ

ಅವನಿಗೆ ಆ ಅಂಗಡಿಯಲ್ಲಿ ಸ್ವಂತದ್ದು ಅಂತ ಒಂದು ಕುರ್ಚಿಯೂ ಇರಲಿಲ್ಲ. ಜಿರಳೆ, ಇಲಿ, ತಿಗಣೆ ಕೊಲ್ಲುವ ಸಾಮಾನನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಅಂಗಡಿ ಅದು. ಮಾಲೀಕ ಅವನ ಭಾವ, ಅಕ್ಕನ ಗಂಡ. ಒಂಬತ್ತು ವರ್ಷದ ಹಿಂದೆ ಅದರ ಮೊದಲ ಪುಟ ಬರೆದವನು ಭಾವನಲ್ಲ, ಅವನು, ನಾನ್ನೂರನೆಯದನ್ನು ಬರೆದವನೂ ಅವನೇ. ಗೋದಾಮಿನ ಮೂಲೆಯಲ್ಲಿ ಡಬ್ಬದೊಳಗೆ ಜಿರಳೆ ಸಾಕಿ, ಯಾವ ಮದ್ದಿಗೆ ಎಷ್ಟು ಹೊತ್ತಿನಲ್ಲಿ ಸಾಯುತ್ತವೆಂದು ಗಡಿಯಾರ ಹಿಡಿದು ನೋಡಿದ್ದ. ಆ ಡಬ್ಬದ ಜಿಡ್ಡು ವಾಸನೆ ಊಟಕ್ಕೆ ಕೂತಾಗಲೂ ಬೆರಳಲ್ಲಿರುತ್ತಿತ್ತು. ತಿಗಣೆ ಕಡಿತ ಹೇಗಿರುತ್ತದೆಂದು ತೋರಿಸಲು ತಿಗಣೆ ತುಂಬಿದ ಹಾಸಿಗೆಯಲ್ಲೇ ಮಲಗಿ, ತನ್ನ ಬೆನ್ನಿನ ಫೋಟೊ ಹಾಕಿದ್ದ. ದಿನಕ್ಕೆ ಎರಡು ಸಾವಿರ ಜನ ಆ ಪುಟ ನೋಡುತ್ತಿದ್ದರು.

"ಇವನ ಬೆನ್ನು ತೋರಿಸ್ಕೊಂಡು ನಾವು ಬದುಕ್ತಾ ಇದ್ದೀವಿ," ಎಂದು ಭಾವ ಬಂದವರ ಮುಂದೆ ನಗುತ್ತಿದ್ದ. "ಏನಪ್ಪಾ ತಿಗಣೆ, ಸರಿ ತಾನೇ?"

ಪಾಲಿನ ಮಾತು ಎತ್ತಿದಾಗಲೆಲ್ಲ ಭಾವ ಕಿರುಬೆರಳಿನ ಉಗುರಿನಿಂದ ಹಲ್ಲು ಕೆದಕುತ್ತಿದ್ದ. ಸಿಕ್ಕಿದ್ದನ್ನು ಒಂದು ಕ್ಷಣ ನೋಡಿ, ಮತ್ತೆ ಬಾಯಿಗೇ ಹಾಕಿಕೊಳ್ಳುತ್ತಿದ್ದ. "ಮನೆಯವನೇ ಅಲ್ವೇನೋ ನೀನು? ಮಹಡಿ ಮೇಲಿನ ರೂಮು ಕೊಟ್ಟಿಲ್ವಾ? ಪಾಲು ಗೀಲು ಯಾಕೆ?" ಅಕ್ಕ ಕೇಳಿಸಿಕೊಂಡೂ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಲೇ ಇರುತ್ತಿದ್ದಳು.

ಇಂಟರ್‌ನೆಟ್ಟಿನಲ್ಲಿ ಅಂಗಡಿಗೆ ಜಾಗ ಕೊಟ್ಟಿದ್ದ ಪ್ಲಾಟ್‌ಫಾರ್ಮ್ ಮುಚ್ಚುತ್ತದೆಂದು ಸುದ್ದಿ ಬಂದಾಗ ಅವನಿಗೆ ದಾರಿ ಕಂಡಿತು. ಹೊಸ ಪ್ಲಾಟ್‌ಫಾರ್ಮಿಗೆ ಹೋದರೆ ಪ್ರತಿ ಪುಟದ ವಿಳಾಸವೂ ಬದಲಾಗುತ್ತದೆ. ಹಳೆ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಿರುಗಿಸದಿದ್ದರೆ, ಗೂಗಲ್ಲಿನಲ್ಲಿ ಹುಡುಕಿ ಬರುವ ಗಿರಾಕಿಗಳೆಲ್ಲ ಕೈತಪ್ಪುತ್ತಾರೆ. ಅದಕ್ಕೊಂದು ಪಟ್ಟಿ ಬೇಕು: ಎಡಗಡೆ ಹಳೆ ವಿಳಾಸ, ಬಲಗಡೆ ಹೊಸದು. ಆ ಪಟ್ಟಿಯನ್ನು ತನ್ನನ್ನು ಬಿಟ್ಟು ಯಾರೂ ಮುಟ್ಟಕೂಡದೆಂದು ಅವನು ಮೊದಲೇ ಹೇಳಿಬಿಟ್ಟ. ಭಾವನಿಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ.

ನಾನ್ನೂರು ಪುಟಗಳಲ್ಲಿ ಗಿರಾಕಿಗಳನ್ನು ಎಳೆದು ತರುತ್ತಿದ್ದವು ನಲವತ್ತೊಂದೇ. ಅವುಗಳ ಮುಂದೆ ಅವನು ಬರೆದದ್ದು ತನ್ನದೇ ಹೊಸ ಅಂಗಡಿಯ ವಿಳಾಸ. ಅದನ್ನು ಆರು ವಾರ ಕೂತು, ಅದೇ ಬರಹ, ಅದೇ ಫೋಟೊ ಇಟ್ಟು ಕಟ್ಟಿದ್ದ. ಕದ್ದೆನೆಂದು ಅವನಿಗೆ ಅನ್ನಿಸಲಿಲ್ಲ. ಬೆನ್ನು ಅವನದೇ ತಾನೇ?

ಸಿಕ್ಕಿಬೀಳುವ ದಾರಿಗಳನ್ನು ಒಂದೊಂದಾಗಿ ಮುಚ್ಚಿದ. ಭಾವ ತನ್ನ ಕಂಪ್ಯೂಟರಿನಲ್ಲಿ ಉಳಿಸಿಟ್ಟ ಲಿಂಕ್ ಒತ್ತಿಯೇ ಅಂಗಡಿ ತೆರೆಯುತ್ತಾನೆ. ಹಾಗಾಗಿ ಹುಡುಕಿ ಬಂದವರನ್ನು ಮಾತ್ರ ತಿರುಗಿಸುವುದು. ನೇರ ಬಂದವರಿಗೆ ಭಾವನ ಅಂಗಡಿಯೇ ಕಾಣಬೇಕು. ಆಫೀಸಿನ ವೈಫೈನಿಂದ ಬಂದವರು ಹೇಗೇ ಬರಲಿ, ಅವರಿಗೂ ಅದೇ. ವ್ಯಾಪಾರ ಇಳಿದರೆ? ಅದಕ್ಕೂ ಉತ್ತರ ಮೊದಲೇ ಕೊಟ್ಟಿದ್ದ.

"ಜಾಗ ಬದಲಾಯಿಸಿದ ಮೇಲೆ ಮೂರು ತಿಂಗಳು ಜನ ಕಮ್ಮಿ ಆಗ್ತಾರೆ ಭಾವ. ಎಲ್ಲರಿಗೂ ಆಗೋದೇ."

"ಮೂರು ತಿಂಗಳಾ? ನಿನ್ನ ಬೆನ್ನು ಇನ್ನೊಂದ್ಸಲ ಕಚ್ಚಿಸ್ಕೊ, ಬರ್ತಾರೆ." ಭಾವ ತನ್ನ ಜೋಕಿಗೆ ತಾನೇ ನಕ್ಕು, ಎಣ್ಣೆ ಬೆರಳನ್ನು ಇವನು ಕೂತಿದ್ದ ಕುರ್ಚಿಯ ಬೆನ್ನಿಗೆ ಒರೆಸಿದ.

ಮೂರು ತಿಂಗಳಲ್ಲಿ ಗೂಗಲ್ಲಿಗೆ ಆ ಪುಟಗಳು ಹೊಸ ಅಂಗಡಿಯವೆಂದೇ ಖಾತ್ರಿಯಾಗುತ್ತದೆ. ಆಮೇಲೆ ಗುರುತು ಸಿಗದ ಹಾಗೆ ಪಟ್ಟಿ ತಿದ್ದಿ, ಕೆಲಸ ಬಿಟ್ಟು, ರೂಮು ಖಾಲಿ ಮಾಡಿ ಹೋದರಾಯಿತು. ಅಕ್ಕನಿಗೆ ಮುಂದೆ ಏನಾದರೂ ಮಾಡಿದರಾಯಿತು ಅಂತಲೂ ಅಂದುಕೊಂಡ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಪಟ್ಟಿ ಏರಿಸಿದ. ಭಾವ ಲಿಂಕ್ ಒತ್ತಿ ನೋಡಿ, "ಬಣ್ಣ ಚೆನ್ನಾಗಿದೆ," ಎಂದ. ಬುಧವಾರ ಹೊಸ ಅಂಗಡಿಗೆ ಎರಡೂವರೆ ಸಾವಿರ ಜನ ಬಂದರು. ಗುರುವಾರ ಇನ್ನೂ ಹೆಚ್ಚು. ಆ ಸಂಖ್ಯೆಗಳನ್ನು ನೋಡುವಾಗ, ಎಷ್ಟೋ ವರ್ಷದ ಮೇಲೆ, ಬೆರಳಿನ ವಾಸನೆ ಅವನ ಮೂಗಿಗೆ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಕ್ಕ ಫೋನು ಹಿಡಿದುಕೊಂಡು ಗೋದಾಮಿನಿಂದ ಬಂದಳು. ಗಿರಾಕಿಗಳ ಕರೆಗೆ ಉತ್ತರ ಕೊಡುವವಳು ಅವಳೇ.

"ಏನೋ, ಅಂಗಡಿಗೆ ಹೊಸ ಹೆಸರಿಟ್ರಾ? ನನಗೊಬ್ಬಳಿಗೆ ಹೇಳ್ಲಿಲ್ಲ ನೋಡು. ಚೆನ್ನಾಗಿದೆ ಕಣೋ, ಹಳೇದಕ್ಕಿಂತ ವಾಸಿ."

"ಯಾವ ಹೆಸರೇ?" ಎಂದ ಭಾವ.

"ಅಯ್ಯೋ, ನೀವಿಟ್ಟಿದ್ದಲ್ವೇನ್ರೀ? ಯಾರೋ ಇಲಿ ಬೋನು ಕೇಳಿದ್ರು, ಓದಿ ಹೇಳೋಣಾಂತ ತೆಗೆದೆ. ಪುಟ ಅದೇ, ಹೆಸರು ಬೇರೆ. ತಗೊಳ್ಳಿ, ನೋಡಿ."

ಭಾವ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡ. ನಿಧಾನವಾಗಿ ಓದಿದ. ಆಮೇಲೆ ತಲೆಯೆತ್ತಿ, ಆ ಪಟ್ಟಿ ಮುಟ್ಟಿದ್ದ ಒಬ್ಬನೇ ಒಬ್ಬನ ಕಡೆ ನೋಡಿದ.

ಅಂಗಡಿಯ ವಿಳಾಸ ಅಕ್ಕನಿಗೆ ಗೊತ್ತೇ ಇರಲಿಲ್ಲ. ಒಂಬತ್ತು ವರ್ಷದಿಂದ ಅವಳು ತನ್ನ ಅಂಗಡಿಗೆ ತಾನೇ ಗಿರಾಕಿಯ ಹಾಗೆ ಹೋಗುತ್ತಿದ್ದಳು: ವೈಫೈ ಮುಟ್ಟದ ಗೋದಾಮಿನಲ್ಲಿ ಕೂತು, ತನ್ನ ಫೋನಿನ ನೆಟ್ಟಿನಲ್ಲಿ, ಕೇಳಿದ ಸಾಮಾನಿನ ಹೆಸರು ಹುಡುಕಿ, ಮೊದಲು ಬಂದದ್ದನ್ನು ಒತ್ತುತ್ತಿದ್ದಳು. ಅಂಗಡಿಯವರೂ ಹಾಗೆ ಬರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಸಂಜೆಯೊಳಗೆ ಕೆಲಸ ಹೋಯಿತು, ಮಹಡಿಯ ರೂಮು ಹೋಯಿತು, ನಲವತ್ತೊಂದು ಪುಟ ಭಾವನಿಗೆ ವಾಪಸ್ಸು ಹೋದವು. ಅಕ್ಕನನ್ನೂ ಸೇರಿಸಿದರೆ ಕಳೆದುಕೊಂಡದ್ದು ಒಟ್ಟು ನಲವತ್ತನಾಲ್ಕು.