ಟೂ ಬೇರೆ, ಮೈಕ್ ಬೇರೆ

"ಮರೆಯದಿರಿ, ನಿಮ್ಮ ಅಮೂಲ್ಯ ಮತ ಇಸ್ತ್ರಿಪೆಟ್ಟಿಗೆಯ ಗುರುತಿಗೆ..."

ಠಣ್! ಅಡುಗೆಮನೆಯಲ್ಲಿ ತಟ್ಟೆ ಬಿತ್ತು.

ಅಮ್ಮ ರೆಕಾರ್ಡಿಂಗ್ ನಿಲ್ಲಿಸಿದಳು. ಗೋಡೆಗೆಲ್ಲ ದಪ್ಪ ಕಂಬಳಿ ತೂಗುಹಾಕಿದ ಆ ಪುಟ್ಟ ಕೋಣೆಯೇ ಅವಳ ಸ್ಟುಡಿಯೊ. ಬಟ್ಟೆ ಅಂಗಡಿಯ ಜಾಹೀರಾತಿಗೆ ಅವಳದೇ ದನಿ, ಬಸ್ ನಿಲ್ದಾಣದ ಮೈಕಿನಲ್ಲೂ ಅವಳದೇ ದನಿ. ಈಗ ವಿಧಾನಸಭೆ ಚುನಾವಣೆ ಬಂದಿದೆಯಲ್ಲ, ಉಸಿರಾಡಲೂ ಪುರುಸೊತ್ತಿಲ್ಲ.

"ಏನೇ ಅದು?"

"ತಟ್ಟೆ ಅಮ್ಮಾ. ಜಾರಿಬಿತ್ತು."

ಅಮ್ಮ ಮತ್ತೆ ಶುರು ಮಾಡಿದಳು. ಧಡಾರ್! ಬಾಗಿಲು ಬಡಿಯಿತು. ಇನ್ನೊಂದು ಸಲ ಶುರು ಮಾಡಿದಳು. ಈ ಸಲ ಸೀನು. ಅದೂ ಒಂದಲ್ಲ, ಸಾಲುಸಾಲು.

ಅಮ್ಮ ಹೆಡ್‌ಫೋನ್ ಕಳಚಿ ಹೊರಗೆ ಬಂದಳು. "ತಟ್ಟೆಗೆ ಕಾಲಿಲ್ಲ, ಹೊರಗೆ ಗಾಳಿಯಿಲ್ಲ, ನಿನಗೆ ನೆಗಡಿಯಿಲ್ಲ. ಏನು ವಿಷಯ, ಬೊಗಳು."

ಮಗಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದ ಕಡೆಯೆಲ್ಲ ಅವಳು ಪಟಪಟಿ. ನಿದ್ದೆಯಲ್ಲೂ ಬಾಯಿ ಮುಚ್ಚುವುದಿಲ್ಲ ಅಂತ ಅವಳ ಅಜ್ಜಿ ಆಣೆ ಹಾಕಿ ಹೇಳುತ್ತಿದ್ದಳು. ಅಂಥವಳು ಈಗ ನೆಲ ನೋಡುತ್ತಾ ಮಾತು ಹುಡುಕಿದಳು.

"ಗುಬ್ಬಿ ನನ್ನ ಜೊತೆ ಟೂ ಬಿಟ್ಟಿದ್ದಾಳೆ. ನಿನ್ನಿಂದಲೇ!"

ಗುಬ್ಬಿ ಒಂದನೇ ಕ್ಲಾಸಿನಿಂದ ಪಟಪಟಿಯ ಪಕ್ಕದಲ್ಲೇ ಕೂರುವವಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳ ಚಿಕ್ಕಮ್ಮ ಈ ಸಲ ಚುನಾವಣೆಗೆ ನಿಂತಿದ್ದರು. ಗುರುತು ಬಾಚಣಿಗೆ. ಬಾಚಣಿಗೆಯ ವ್ಯಾನಿನಲ್ಲಿ ಅಮ್ಮನ ದನಿ ಬಂದಾಗ ಗುಬ್ಬಿ ಕುಣಿದದ್ದೇ ಕುಣಿದದ್ದು. ಮಾರನೇ ದಿನ ಇಸ್ತ್ರಿಪೆಟ್ಟಿಗೆಯ ವ್ಯಾನ್ ಬಂತು. ನೋಡಿದರೆ ಅದರಲ್ಲೂ ಅದೇ ದನಿ!

"ನಿಮ್ಮಮ್ಮನಿಗೆ ಎರಡು ನಾಲಿಗೆ!" ಅಂದವಳೇ ಗುಬ್ಬಿ ಬ್ಯಾಗ್ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋಗಿಬಿಟ್ಟಿದ್ದಳು.

"ಅದಕ್ಕೇ ಅಮ್ಮಾ, ಇಸ್ತ್ರಿಪೆಟ್ಟಿಗೆಗೆ ಸ್ವಲ್ಪ ಕೆಟ್ಟದಾಗಿ ಓದು. ಚೂರೇ ಚೂರು. ಯಾರಿಗೂ ಗೊತ್ತಾಗಲ್ಲ."

ಅಮ್ಮ ಬೈಯಲಿಲ್ಲ. ಹೆಡ್‌ಫೋನನ್ನು ಮಗಳ ಕಿವಿಗಿಟ್ಟು ಎರಡೂ ರೆಕಾರ್ಡಿಂಗ್ ಹಾಕಿದಳು. ಅಭ್ಯರ್ಥಿಯ ಹೆಸರು ಹೇಳುವಾಗ ಅಮ್ಮ ಯಾವಾಗಲೂ ನಗುತ್ತಾಳೆ. ನಕ್ಕರೆ ಅದು ದನಿಯಲ್ಲಿ ಕೇಳಿಸುತ್ತದಂತೆ. ಇಸ್ತ್ರಿಪೆಟ್ಟಿಗೆಗೆ ನಗು ಒಂದಿಷ್ಟಾದರೂ ಕಡಿಮೆ ಇದ್ದೇ ಇರುತ್ತದೆ ಅಂತ ಪಟಪಟಿ ಕಣ್ಣು ಮುಚ್ಚಿ ಕೇಳಿದಳು. ಊಹೂಂ. ಎರಡರಲ್ಲೂ ಅಷ್ಟೇ ನಗು.

"ಹಾಗಾದ್ರೆ ನಿನಗೆ ಯಾರೂ ಇಷ್ಟ ಇಲ್ವಾ?"

"ಇದ್ದಾರಪ್ಪ. ಅದು ನನ್ನ ಬೆರಳಿಗೆ ಗೊತ್ತು, ಓಟಿನ ದಿನ ಒತ್ತುತ್ತೆ. ಬಾಯಿಗೆ ಬೇರೆ ಕೆಲಸ. ಬೈಗುಳ ಬರ್ಕೊಂಡು ಬಂದ್ರೆ ಯಾರಿಗೂ ಓದಲ್ಲ. ಓದ್ತೀನಿ ಅಂತ ಒಪ್ಪಿಕೊಂಡ ಮೇಲೆ ಅರ್ಧ ನುಂಗಲ್ಲ."

"ನಿನಗೇನು, ಹೇಳ್ತೀಯ! ಬೆಂಚು ಖಾಲಿಯಾಗಿರೋದು ನಂದು," ಅಂತ ಪಟಪಟಿ ಕಾಲು ಅಪ್ಪಳಿಸುತ್ತಾ ಹೋದಳು.

ಆ ವಾರವೇ ಶಾಲೆಯಲ್ಲಿ ಸ್ಪೋರ್ಟ್ಸ್ ಡೇ. ಕಾಮೆಂಟರಿಗೆ ಯಾರು ಅಂತ ಪಿ.ಟಿ. ಸರ್ ಯೋಚಿಸಲೇ ಇಲ್ಲ. ಮೈಕನ್ನು ಪಟಪಟಿಯ ಕೈಗೆ ಕೊಟ್ಟು, "ನಿನಗೆ ಇದು ಬೇಕಾಗಿಲ್ಲ, ಆದ್ರೂ ಇಟ್ಕೋ," ಅಂದರು.

ಕೊನೆಯದು ರಿಲೇ. ಪಟಪಟಿ ನೀಲಿ ತಂಡದವಳು. ಹಳದಿ ತಂಡದಲ್ಲಿ ಕೊನೆಗೆ ಓಡುವವಳು ಗುಬ್ಬಿ. ಪಟಪಟಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು: 'ಹೆಸರೇ ಎತ್ತಲ್ಲ. ಮಾಡಿದ್ದುಣ್ಣೋ ಮಹಾರಾಯ!'

"ನೀಲಿ ಮುಂದೆ! ಹಸಿರು ಹಿಂದೆ! ನೀಲಿ, ನೀಲಿ, ನೀಲೀ!" ಅವಳು ಕೂಗುತ್ತಿದ್ದಂತೆ ಇಡೀ ಮೈದಾನ ಗೆಲುವಿನ ಗೆರೆಯತ್ತ ನುಗ್ಗಿತು. ಎಲ್ಲರ ಕಣ್ಣೂ ನೀಲಿಯ ಮೇಲೆ.

ಅಷ್ಟರಲ್ಲಿ ಆಚೆ ತುದಿಯಲ್ಲಿ ಗುಬ್ಬಿಯ ಕೈಯಿಂದ ಬೇಟನ್ ಬಿತ್ತು. ಅದು ಉರುಳಿಕೊಂಡು ಹೋಯಿತು. ಗುಬ್ಬಿ ಮುಗ್ಗರಿಸಿದಳು, ಮೊಣಕಾಲೂರಿ ಎದ್ದಳು, ಬೇಟನ್ ಹಿಡಿದು ಮತ್ತೆ ಓಟ ಕಿತ್ತಳು. ಎತ್ತರದ ವೇದಿಕೆಯ ಮೇಲಿದ್ದ ಪಟಪಟಿಯ ಹೊರತು ಅದನ್ನು ಯಾರೂ ನೋಡಲಿಲ್ಲ.

ತಾನು ಹೇಳದಿದ್ದರೆ ಇದು ನಡೆದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಮೈಕ್ ಇರುವುದು ತನ್ನ ಕೈಯಲ್ಲಿ.

"ನೀಲಿ ಗೆದ್ದಿತು!" ಅಂದಳು. ಉಸಿರೆಳೆದುಕೊಂಡು ಕೂಗಿದಳು: "ಈ ಕಡೆ ನೋಡಿ, ಹಳದಿ ತಂಡದ ಗುಬ್ಬಿ! ಬೇಟನ್ ಬಿತ್ತು, ಅವಳೂ ಬಿದ್ದಳು, ಎದ್ದು ಬರ್ತಾ ಇದ್ದಾಳೆ! ಅಬ್ಬಬ್ಬಾ, ಏನು ಓಟ ಅದು! ಹಸಿರನ್ನ ಹಿಡಿದಳು... ಹಿಂದೆ ಹಾಕೇಬಿಟ್ಟಳು!"

ಮೈದಾನವೆಲ್ಲ ಆ ಕಡೆ ತಿರುಗಿತು. ಗುಬ್ಬಿ ಎರಡನೆಯವಳಾಗಿ ಗೆರೆ ದಾಟಿದಾಗ ಮೊದಲು ಬಂದವಳಿಗಿಂತ ಹೆಚ್ಚು ಚಪ್ಪಾಳೆ ಬಿತ್ತು.

ಪಟಪಟಿ ಕೆಳಗಿಳಿಯುವುದೇ ತಡ, ನೀಲಿ ತಂಡದವರು ಮುತ್ತಿಕೊಂಡರು. "ನೀನು ನಮ್ಮ ಟೀಮೋ ಅವಳ ಟೀಮೋ? ನಿನಗೆ ಎರಡು ನಾಲಿಗೆ ಕಣೇ!"

ಪಟಪಟಿಗೆ ನಗು ತಡೆಯಲಾಗಲಿಲ್ಲ. "ನಾವು ಗೆದ್ದಿದ್ದೂ ಹೇಳಿದೆನಲ್ಲ!" ಅಂದಳು.

ನಲ್ಲಿಯ ಹತ್ತಿರ ಗುಬ್ಬಿ ಮೊಣಕಾಲು ತೊಳೆದುಕೊಳ್ಳುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ನನ್ನ ಹೆಸರು ಯಾಕೆ ಹೇಳಿದೆ? ನಾವು ಟೂ ಅಲ್ವಾ?"

"ಟೂ ಬೇರೆ, ಮೈಕ್ ಬೇರೆ."

ನೀರು ಸುರಿಯುತ್ತಲೇ ಇತ್ತು. ಹೊರಗಿನ ರಸ್ತೆಯಲ್ಲಿ ಇಸ್ತ್ರಿಪೆಟ್ಟಿಗೆಯ ವ್ಯಾನ್ ಅಮ್ಮನ ದನಿಯಲ್ಲಿ ಮತ ಕೇಳುತ್ತಾ ಹೋಯಿತು. ಗುಬ್ಬಿ ಅದು ತಿರುವು ದಾಟುವವರೆಗೂ ಕೇಳಿಸಿಕೊಂಡು, ನಲ್ಲಿ ನಿಲ್ಲಿಸಿದಳು.

"ಕೊನೆ ಬೆಂಚಲ್ಲಿ ಬೋರ್ಡೇ ಕಾಣಲ್ಲ ಕಣೇ. ನಾಳೆ ಜಾಗ ಇಟ್ಟಿರು," ಅಂದಳು.

ಓಟಿನ ದಿನ ಅದೇ ಶಾಲೆಯೇ ಮತಗಟ್ಟೆ. ಇಬ್ಬರೂ ಗೇಟಿನ ಹೊರಗೆ ಕಟ್ಟೆಯ ಮೇಲೆ ಕಾಲಾಡಿಸುತ್ತಾ ಕೂತಿದ್ದರು. ಊರೆಲ್ಲ ಮೈಕಿಲ್ಲದೆ ತಣ್ಣಗಿತ್ತು. ಅಮ್ಮ ಸಾಲಿನಲ್ಲಿ ನಿಂತು, ಒಳಗೆ ಹೋಗಿ, ಬೆರಳಿನ ಶಾಯಿಗೆ ಉಫ್ ಅಂತ ಊದುತ್ತಾ ಹೊರಗೆ ಬಂದಳು.

ಗುಬ್ಬಿ ಪಟಪಟಿಯ ಪಕ್ಕೆಗೆ ತಿವಿದಳು. "ಯಾರಿಗೆ ಹಾಕಿರ್ತಾರೆ? ಕೇಳೇ, ಕೇಳೇ."

ಪಟಪಟಿ ಬಾಯಿ ತೆರೆದಳು. ಅಮ್ಮನ ಬೆರಳು ನೋಡಿದಳು. ಬಾಯಿ ಮುಚ್ಚಿಕೊಂಡಳು.

ಕಟ್ಟೆಯಿಂದ ಜಿಗಿದು, ಶಾಯಿ ಅಳಿಸದ ಹಾಗೆ ಹುಷಾರಾಗಿ, ಅಮ್ಮನ ಕೈ ಹಿಡಿದುಕೊಂಡಳು.