ಕಜೆಮುರಾನ ಹೆಸರು, ಕೊಡೆಯ ಸಹಿ

ಫುಸಾಯೊ ಅಜ್ಜಿಯ ಅಂಗಡಿಯ ಬಾಗಿಲು ಸರಿಸಿದ ಮಿಚಿರು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬ ಯುವಕ ಅಭಿಮಾನಿಗಳ ಪುಸ್ತಕದಲ್ಲಿ ಏನೋ ಬರೆದು, ಸಹಿಯ ಜಾಗದಲ್ಲಿ ಪುಟ್ಟ ಕೊಡೆಯೊಂದನ್ನು ಬಿಡಿಸುತ್ತಿದ್ದ.

ಆ ಕೊಡೆ! ಏಳು ತಿಂಗಳಿಂದ ಅವಳು ಕಾಯುತ್ತಿದ್ದದ್ದು ಅದನ್ನೇ...

ಟಿವಿಯ ಪತ್ತೇದಾರಿ ಅನಿಮೆ ಕಾರ್ಟೂನ್ ಧಾರಾವಾಹಿಯೊಂದರಲ್ಲಿ ಈ ಕಡಲತಡಿಯ ಊರು ಕಾಣಿಸಿಕೊಂಡ ಮೇಲೆ ಅಭಿಮಾನಿಗಳು ಇಲ್ಲಿಗೆ ಬಂದು, ದಾಂಗೊ ಎಂಬ ಅಕ್ಕಿಹಿಟ್ಟಿನ ಉಂಡೆ ತಿಂದು, ಅಜ್ಜಿ ಇಟ್ಟ ಪುಸ್ತಕದಲ್ಲಿ ಮನಸ್ಸಿಗೆ ಬಂದದ್ದು ಬರೆದು ಹೋಗುತ್ತಿದ್ದರು. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದ ಮಿಚಿರು, ಶನಿವಾರ ಮಧ್ಯಾಹ್ನ ಕೆಲಸ ಮುಗಿದರೆ ನೇರ ಇಲ್ಲಿಗೇ. ಕಥೆಯ ನಿಗೂಢ ವ್ಯಕ್ತಿ ಕಜೆಮುರಾನ ಹೆಸರಿಗೆ ಅರ್ಥ ಹಚ್ಚುವುದರಲ್ಲಿ ಅವಳದು ಎತ್ತಿದ ಕೈ. 'ಉಮೆ' ಎಂಬ ಹೆಸರಿನಲ್ಲಿ ಅವಳು ಬರೆದದ್ದಕ್ಕೆಲ್ಲ ಕೊಡೆ ಸಹಿಯವನು ತಕರಾರು ತೆಗೆಯುತ್ತಿದ್ದ.

ಒಂದೂವರೆ ವರ್ಷ ಹೀಗೇ ಜಗಳ. ಮುಖ ನೋಡಿರಲಿಲ್ಲ. ಆದರೂ ಅವನ ಅಕ್ಷರ ಕಾಣದ ವಾರ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಇಷ್ಟಾದರೂ ಇದು ಬರೀ ವಾದ ಎಂದೇ ನಂಬಿದ್ದಳು, ಪುಣ್ಯಾತ್ಗಿತ್ತಿ!

ಆಮೇಲೊಂದು ದಿನ ಅವಳು ಬರೆದಳು: 'ಕಜೆ' ಅಂದರೆ ಗಾಳಿ. ಆದರೆ ಗಾಳಿ ಬೀಸುವ ಯಾವ ದೃಶ್ಯದಲ್ಲೂ ಕಜೆಮುರಾನ ಕೂದಲು ಅಲುಗುವುದಿಲ್ಲ. ಅವನು ಮೊದಲ ಕಂತಿಗೂ ಮುಂಚೆಯೇ ಸತ್ತವನು. ಉತ್ತರ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಸೋಲೊಪ್ಪಿಕೊಳ್ಳಿ.

ಅಂದಿನಿಂದ ಕೊಡೆ ಮಾಯ. ಕೊಂಕು ನುಡಿದು ನೋಯಿಸಿಬಿಟ್ಟೆನಲ್ಲ ಎಂದು ಮೂರು ಸಲ ಕ್ಷಮೆ ಕೇಳಿ ಬರೆದಳು. ಉತ್ತರವಿಲ್ಲ. ನಿನ್ನೆ ಕೊನೆಯ ಕಂತು ಬಂತು. ಅವಳ ಊಹೆಯೇ ನಿಜವಾಯಿತು. ಗೆದ್ದೆ ಎಂದು ಯಾರಿಗೆ ಹೇಳುವುದು? ಟಿವಿ ಮುಂದೆ ಕೂತು ಅತ್ತಿದ್ದಳು.

"ನಾನು ಉಮೆ..." ಎಂದಳು ಮೆಲ್ಲಗೆ. "ನನ್ನ ಮಾತಿಗೆ ಅಷ್ಟೊಂದು ಬೇಜಾರಾಯ್ತಾ?"

ಅವನು ದಡಬಡಿಸಿ ಎದ್ದ. ಹೆಸರು ಇಸಾಮು ಎಂದ. ಆ ಅನಿಮೆಗೆ ಹಿನ್ನೆಲೆ ಚಿತ್ರ ಬಿಡಿಸುವುದೇ ಅವನ ಕೆಲಸ. ಕಥೆ ಮುಗಿಯುವವರೆಗೆ ಯಾರಲ್ಲೂ ಬಾಯಿ ಬಿಡೆನೆಂದು ಕಂಪನಿಗೆ ಸಹಿ ಹಾಕಿಕೊಟ್ಟಿದ್ದ.

"ಬೇಜಾರಲ್ಲ, ಭಯ ಆಯ್ತು ರೀ. ನೀವು ತಪ್ಪಾಗಿ ಹೇಳ್ತಿದ್ದಾಗ ಜಗಳ ಆಡೋಕೆ ಆರಾಮಾಗಿತ್ತು. ಸರಿಯಾಗಿ ಹೇಳಿಬಿಟ್ರಿ... ಹೌದು ಅಂದ್ರೆ ಎಲ್ಲರ ಕೆಲಸ ಹಾಳು. ಅಲ್ಲ ಅಂದ್ರೆ ನಿಮಗೆ ಸುಳ್ಳು ಹೇಳಿದ ಹಾಗೆ. ಅದು ನನ್ನ ಕೈಲಿ ಆಗ್ಲಿಲ್ಲ."

ಒಲೆಯ ಬಳಿಯಿಂದ ಅಜ್ಜಿ ಬಾಯಿ ಹಾಕಿದಳು. "ತಿಂಗಳಿಗೊಂದ್ ಸಲ ಬರೋನು ಕಣಮ್ಮಾ. ನಿನ್ ಪುಟ ಓದೋನು, ಪೆನ್ನು ತೆಗೆಯೋನು, ಮತ್ತೆ ಜೇಬಿಗಿಟ್ಕೊಂಡು ಹೋಗೋನು. ಗಿರಾಕಿ ವಿಷ್ಯ ನಂಗ್ಯಾಕೆ ಅಂತ ಸುಮ್ನಿದ್ದೆ."

ಹಾಗಾದರೆ... ಅವನು ದೂರ ಹೋಗಿರಲೇ ಇಲ್ಲ! ಏಳು ತಿಂಗಳಿಂದ ಎದೆಯ ಮೇಲಿದ್ದ ಭಾರ ಒಮ್ಮೆಲೇ ಇಳಿಯಿತು. ಅವಳಿಗೆ ನಗು ಬಂತು, ಅಳುವೂ ಬಂತು. ಅವನೆದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಇನ್ನು ಮೇಲೆ ಹೇಳಬಾರದ್ದು ಏನಾದ್ರೂ ಇದ್ರೆ, ಹೇಳಬಾರದು ಅಂತಾದ್ರೂ ಹೇಳಿ. ಹೀಗೆ ಮಾಯ ಆಗಬೇಡಿ."

"ಆಗಲ್ಲ." ಅವನ ಕಿವಿ ಕೆಂಪಾಗಿತ್ತು. "ಈಗ ಹೇಳಬಹುದಾದದ್ದು ಒಂದಿದೆ. ನೀವಂದ್ರೆ ನಂಗೆ ತುಂಬಾ ಇಷ್ಟ."

ಮಿಚಿರು ಕಣ್ಣೊರೆಸಿಕೊಂಡಳು.

"ಇದೊಂದನ್ನ ನಾನು ಊಹಿಸಿರಲಿಲ್ಲ," ಎಂದಳು.

"ಹಾಗಾದ್ರೆ, ಇದಕ್ಕೂ ತಕರಾರು ಇದೆಯಾ?"

"ಇಲ್ಲ," ಎಂದು ಅವಳು ಮೇಜಿನ ಮೇಲಿದ್ದ ಅವನ ಕೈ ಹಿಡಿದುಕೊಂಡಳು.