ಸುಮ್ಮನೆ ನಿಲ್ಲುತ್ತಿದ್ದವನು

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕತಂಗಿಯರಿಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ತಂಗಿ ಆಸ್ಪತ್ರೆಯಲ್ಲಿ ನರ್ಸ್. ಮಾತೆಲ್ಲ ಅಕ್ಕನದೇ.

"ಒಬ್ಬ ಇವಳ ಬೆನ್ನು ಬಿದ್ದಿದಾನೆ ಮೇಡಂ. ಹಿಂದೆ ಎರಡು ಸಲ ಬಂದಾಗ ವಾಪಸ್ ಕಳಿಸಿದ್ರು."

ಇನ್‌ಸ್ಪೆಕ್ಟರ್ ಮೇಡಂ ದಫೇದಾರನತ್ತ ನೋಡಿದರು. ಅವನು ತಲೆ ಕೆರೆದುಕೊಂಡ. "ಮುಟ್ಟಿಲ್ಲ, ಮಾತಾಡಿಲ್ಲ, ಬರೀ ನಿಲ್ತಾನಂತೆ. ರಸ್ತೇಲಿ ನಿಂತೋರನ್ನೆಲ್ಲ ಹಿಡಿದ್ರೆ ಲಾಕಪ್ಪಿಗೆ ಮಹಡಿ ಕಟ್ಟಬೇಕಾಗುತ್ತೆ ಮೇಡಂ."

ಯಾರೂ ನಗಲಿಲ್ಲ.

"ನಿದ್ದೆ ಬರುತ್ತೇನಮ್ಮಾ?" ಇನ್‌ಸ್ಪೆಕ್ಟರ್ ತಂಗಿಯನ್ನು ಕೇಳಿದರು.

"ಇಲ್ಲ."

"ಊಟ?"

"ತಿಂದಿದ್ದು ನಿಲ್ಲಲ್ಲ. ಮುಟ್ಟೂ ನಿಂತುಹೋಗಿದೆ." ಅವಳು ಕೈಗಳನ್ನು ಮೇಜಿನ ಮೇಲಿಟ್ಟಳು. "ಹಸುಗೂಸಿನ ನರಕ್ಕೂ ಒಂದೇ ಸಲಕ್ಕೆ ಸೂಜಿ ಹಾಕ್ತಿದ್ದೆ. ಮೊನ್ನೆ ಒಬ್ಬ ಅಜ್ಜಿಗೆ ಚುಚ್ಚಿ ಚುಚ್ಚಿ ಅಳಿಸಿಬಿಟ್ಟೆ. ಈಗ ಬಟ್ಟೆ ಮಡಚೋ ಕೆಲಸ ಕೊಟ್ಟಿದಾರೆ."

ಎಫ್‌ಐಆರ್ ದಾಖಲಾಯಿತು. ಅವಳು ಪಾಳಿ ಬದಲಿಸಿದ್ದಳು, ಮನೆ ಬದಲಿಸಿದ್ದಳು. ಆದರೂ ಅವಳು ಹೋದಲ್ಲೆಲ್ಲ ಸ್ವಲ್ಪ ಹೊತ್ತಿನಲ್ಲೇ ಅವನೂ ಬಂದು ನಿಲ್ಲುತ್ತಿದ್ದ. ಅದು ಹೇಗೆ ಎಂಬುದೇ ಇನ್‌ಸ್ಪೆಕ್ಟರ ತಲೆ ಕೊರೆಯಿತು.

"ಎಲ್ಲಾ ಕಡೆಗೂ ಸ್ಕೂಟರಲ್ಲೇ ಹೋಗ್ತೀಯಾ?"

"ಹೂಂ. ನಡೆಯೋಕೆ ಭಯ."

ಸಂಜೆ ನಾಲ್ಕಕ್ಕೆ ಇಬ್ಬರು ಪಂಚರ ಎದುರು ಸ್ಕೂಟರಿನ ಸೀಟು ಬಿಚ್ಚಿದರು. ಬ್ಯಾಟರಿಯ ಹಿಂದೆ, ಟೇಪು ಸುತ್ತಿದ ಬೆಂಕಿಪೊಟ್ಟಣದಷ್ಟು ಪುಟ್ಟ ಯಂತ್ರ. ಗಾಡಿ ಎಲ್ಲಿದ್ದರೂ ಸುಳಿವು ಕೊಡುವಂಥದ್ದು. ಪಂಚನಾಮೆ ಬರೆಯುವಾಗ ದಫೇದಾರ ತಲೆ ಎತ್ತಲಿಲ್ಲ.

ಅದರೊಳಗಿನ ಸಿಮ್ಮು, ಅವಳು ಗಾಡಿ ರಿಪೇರಿಗೆ ಬಿಡುತ್ತಿದ್ದ ಗ್ಯಾರೇಜಿನ ಮೆಕ್ಯಾನಿಕ್‌ನ ಹೆಸರಿನಲ್ಲಿತ್ತು. ಬುಧವಾರ ಮಧ್ಯಾಹ್ನ ಪೊಲೀಸರು ಹೋದಾಗ ಅವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದ. "ನೊಣಕ್ಕೂ ಕೈ ಎತ್ತದ ಮನುಷ್ಯ ಸಾರ್," ಎಂದು ಮಾಲೀಕ ಬಾಯಿ ಬಡಿದುಕೊಂಡ. ಮೆಕ್ಯಾನಿಕ್ ಪಂಪು ಕೆಳಗಿಟ್ಟು ಜೀಪು ಹತ್ತಿದ.

"ಅವಳಿಗೆ ನಿನ್ನ ಹೆಸರು ಗೊತ್ತಾ?" ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಅವನನ್ನು ಕೇಳಿದರು.

"ಇಲ್ಲ."

"ಮತ್ತೆ ಯಾಕೋ?"

ಅವನು ಬೆರಳಿಗಂಟಿದ್ದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ. "ಗ್ಯಾರೇಜಿಗೆ ಬರೋರು ಗಾಡಿ ನೋಡ್ತಾರೆ, ನನ್ನ ಮುಖ ನೋಡಲ್ಲ. ಮನೇಲೂ ಅಷ್ಟೇ. ಅವಳೊಬ್ಬಳೇ, ಎಷ್ಟೇ ಜನ ಇರ್ಲಿ, ನಾನೆಲ್ಲಿದೀನಿ ಅಂತ ಹುಡುಕೋಳು."

"ಹೆದರಿ ಹುಡುಕ್ತಿದ್ಳು ಕಣೋ."

"ಹುಡುಕ್ತಿದ್ಳಲ್ಲ ಮೇಡಂ."

ಇನ್‌ಸ್ಪೆಕ್ಟರ್ ಫೈಲು ಮುಚ್ಚಿ ಎದ್ದರು.

ಹೊರಗೆ, ಗುರುತು ಹಿಡಿಯಲು ಬಂದಿದ್ದ ನರ್ಸಿಗೆ ಅವನನ್ನು ಬಂಧಿಸಿದ ವಿಷಯ ತಿಳಿಸಿದರು. ಅವಳ ಮುಖದಲ್ಲಿ ಗೆಲುವು ಬರಲಿಲ್ಲ.

"ಜಾಮೀನು ಸಿಗುತ್ತಾ ಮೇಡಂ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸಿಗಬಹುದಮ್ಮಾ."

"ಏಳೇ, ಮನೆಗೆ ಹೋಗೋಣ," ಎಂದಳು ಅಕ್ಕ.

ಅವಳು ಏಳಲಿಲ್ಲ. "ಸ್ವಲ್ಪ ಹೊತ್ತು ಇಲ್ಲೇ ಕೂತಿರ್ಲಾ?"

ಫೋನು ಹೊಡೆದುಕೊಳ್ಳುತ್ತಿತ್ತು, ಯಾರೋ ಯಾರನ್ನೋ ಗದರುತ್ತಿದ್ದರು. ಆ ಗದ್ದಲದ ನಡುವೆ, ಮರದ ಬೆಂಚಿನ ಮೇಲೆ ಕೂತಲ್ಲೇ ಅವಳಿಗೆ ನಿದ್ದೆ ಹತ್ತಿತು. ದಫೇದಾರ ಎದ್ದು ಹೋಗಿ ವೈರ್‌ಲೆಸ್ಸಿನ ಸದ್ದು ತಗ್ಗಿಸಿದ.